ಬೊಜ್ಜಿಗೆ ಔಷಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ ಇಳಿಸುವ ಔಷಧಿ ಅಂದ ತಕ್ಷಣ ಎಲ್ಲರೂ ಕೇಳುವುದು "ಎಷ್ಟು ಕೆಜಿ ಇಳಿಯುತ್ತೆ?" ಅಂತ. "ಇಳಿದದ್ದು ಮತ್ತೆ ಏರದ ಹಾಗೆ ಏನು ಮಾಡಬೇಕು?" ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ. ಅದನ್ನು ಔಷಧಿ ಶುರುವಾಗುವ ಮೊದಲೇ ಕೇಳಬೇಕು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅದಕ್ಕೆ ಜಾಸ್ತಿ ಜಾಗ ಸಿಕ್ಕಿದೆ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದನ್ನು ಮಾತ್ರ ನಿಮ್ಮನ್ನು ಪರೀಕ್ಷೆ ಮಾಡಿದ ವೈದ್ಯರೇ ಹೇಳಬೇಕು.

ಬಾಯಿ ಕಟ್ಟಿದರೆ ತೂಕ ಇಳಿಯುತ್ತದೆ. ಅದಕ್ಕೆ ಔಷಧಿ ಯಾಕೆ ಬೇಕು?

ಬಾಯಿ ಕಟ್ಟಿದರೆ ಇಳಿಯುತ್ತದೆ, ನಿಜ. ಕಷ್ಟ ಇರುವುದು ಇಳಿದ ಮೇಲೆ.

ನಮ್ಮ ದೇಹ ತನ್ನ ಕೊಬ್ಬಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತವೆ. "ಸಾಕಷ್ಟು ದಾಸ್ತಾನು ಇದೆ" ಅನ್ನುವ ಸುದ್ದಿ ಮೆದುಳಿಗೆ ಹೋಗುವುದು ಅದರಿಂದ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ತಂಡ ಇದನ್ನು ಕಂಡುಹಿಡಿದರು. ತೂಕ ಇಳಿದಾಗ ಲೆಪ್ಟಿನ್ ಕಡಿಮೆಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚುತ್ತದೆ. ಮೆದುಳಿಗೆ ಇದು ಬರಗಾಲದ ಹಾಗೆ ಕಾಣುತ್ತದೆ. ಹಸಿವು ಜೋರಾಗುತ್ತದೆ, ದೇಹ ಸುಡುವ ಕ್ಯಾಲೊರಿ ಇಳಿಯುತ್ತದೆ.

ಇದು ನಾಲ್ಕು ದಿನದಲ್ಲಿ ಸರಿಹೋಗುವ ಸಂಗತಿಯೂ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ವಾರ ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದವರನ್ನು ಗಮನಿಸಿದರು. ಒಂದು ವರ್ಷ ಕಳೆದರೂ ಅವರ ಹಸಿವಿನ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅವರ ದೇಹ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಅಂದರೆ ಒಂದು ಹೊತ್ತಿನ ಊಟದಷ್ಟು.

ಇಂಥ ದೇಹದ ಜೊತೆ ಬರೀ ಮನೋಬಲದಿಂದ ವರ್ಷಗಟ್ಟಲೆ ಗುದ್ದಾಡು ಅನ್ನುವುದು ನ್ಯಾಯವಲ್ಲ. ಔಷಧಿ ಬೇಕಾಗುವುದು ಇಲ್ಲಿ. ಹಸಿವಿನ ಗಲಾಟೆಯನ್ನು ಅದು ತಗ್ಗಿಸುತ್ತದೆ. ಆಗ ಊಟದ ಶಿಸ್ತು ಪಾಲಿಸುವುದು ಮನುಷ್ಯರಿಂದ ಆಗುವ ಕೆಲಸವಾಗುತ್ತದೆ.

ಯಾರಿಗೆ ಔಷಧಿ ಕೊಡುತ್ತಾರೆ?

ಮೊದಲು ನೋಡುವುದು ಬಿಎಂಐ. ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. 1.6 ಮೀಟರ್ ಎತ್ತರ, 80 ಕೆಜಿ ತೂಕ ಇದ್ದರೆ ಬಿಎಂಐ 31ರ ಆಸುಪಾಸು. ಬಿಎಂಐ 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಔಷಧಿ ಕೊಡಬಹುದು ಎಂಬುದು ಹೆಚ್ಚಿನ ದೇಶಗಳ ನಿಯಮ. 27 ದಾಟಿದ್ದು, ಜೊತೆಗೆ ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಂಥದ್ದು ಇದ್ದರೂ ಕೊಡಬಹುದು.

ಏಷ್ಯಾ ಮೂಲದವರಿಗೆ ಈ ಗೆರೆ ಇನ್ನೂ ಕೆಳಗೆ. ನಮ್ಮಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಏಷ್ಯಾದವರಿಗೆ 23 ಮತ್ತು 27.5 ಎಂಬ ಎಚ್ಚರಿಕೆಯ ಗಡಿಗಳನ್ನು ಸೂಚಿಸಿದ್ದರು. ಹಾಗಾಗಿ "ನನಗಿನ್ನೂ 30 ಆಗಿಲ್ಲ" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಸೊಂಟದ ಸುತ್ತಳತೆಯನ್ನೂ ಅಳೆಸಿಕೊಳ್ಳಿ. ಬಿಎಂಐ ಒಂದರಿಂದಲೇ ಎಲ್ಲ ತಿಳಿಯುವುದಿಲ್ಲ. ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ನನಗೆ ಕಾಯಿಲೆ ಏನಿಲ್ಲ. ಮದುವೆಗೆ ಮುಂಚೆ ನಾಲ್ಕೈದು ಕೆಜಿ ಇಳಿಸಬೇಕು ಅಷ್ಟೇ. ತಗೋಬಹುದಾ?

ಬೇಡ. ಅಡ್ಡ ಪರಿಣಾಮ ಪೂರ್ತಿ ಸಿಗುತ್ತದೆ, ಲಾಭ ಅಷ್ಟಕ್ಕಷ್ಟೇ. ನಿಲ್ಲಿಸಿದ ಮೇಲೆ ಆ ನಾಲ್ಕೈದು ಕೆಜಿ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು.

ಈಗ ಯಾವ ಯಾವ ಔಷಧಿಗಳಿವೆ?

ಎಲ್ಲವೂ ಎಲ್ಲ ದೇಶದಲ್ಲೂ ಸಿಗುವುದಿಲ್ಲ. ಕೆಲಸ ಮಾಡುವ ರೀತಿಯನ್ನು ನೋಡಿ ಹೀಗೆ ವಿಂಗಡಿಸಬಹುದು.

ಆರ್ಲಿಸ್ಟಾಟ್ ಹಳೆಯದು, 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದು ಮೆದುಳಿನ ತಂಟೆಗೆ ಹೋಗುವುದೇ ಇಲ್ಲ. ಕೊಬ್ಬನ್ನು ಜೀರ್ಣ ಮಾಡುವ ಲೈಪೇಸ್ ಎಂಬ ಕಿಣ್ವವನ್ನು ಕರುಳಿನಲ್ಲೇ ತಡೆಯುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು ಶೇ 30ರಷ್ಟು ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಎಣ್ಣೆ ಪದಾರ್ಥ ಜಾಸ್ತಿ ತಿಂದರೆ ಎಣ್ಣೆಯಂಥ ಭೇದಿ, ತಡೆಯಲಾಗದ ಅವಸರ ಕಾಡುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಜೊತೆಯಲ್ಲೇ ಹೋಗುವುದರಿಂದ ವಿಟಮಿನ್ ಮಾತ್ರೆಯನ್ನು ಕನಿಷ್ಠ ಎರಡು ಗಂಟೆ ಬಿಟ್ಟು, ಸಾಮಾನ್ಯವಾಗಿ ಮಲಗುವ ಹೊತ್ತಿಗೆ ತೆಗೆದುಕೊಳ್ಳಲು ಹೇಳುತ್ತಾರೆ. ತೂಕ ಇಳಿಯುವುದು ಸ್ವಲ್ಪವೇ. ಆದರೂ ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಾಲ್ಕು ವರ್ಷ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಬರೀ ಪಥ್ಯ ಮತ್ತು ವ್ಯಾಯಾಮ ಮಾಡಿದವರಿಗಿಂತ ಇದನ್ನೂ ಸೇರಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಶೇ 37ರಷ್ಟು ಕಡಿಮೆ ಕಾಣಿಸಿತು.

ಎರಡನೆಯ ಗುಂಪು ಮೆದುಳಿನಲ್ಲಿ ಹಸಿವನ್ನು ತಗ್ಗಿಸುವ ಮಾತ್ರೆಗಳದ್ದು. ಫೆಂಟರ್‌ಮಿನ್ 1959ರಿಂದ ಇದೆ, ಕೆಲವು ವಾರಗಳ ಬಳಕೆಗೆ ಮಾತ್ರ. ಎದೆ ಬಡಿತ ಮತ್ತು ಬಿಪಿ ಏರಿಸಬಹುದು, ನಿದ್ದೆ ಕೆಡಿಸಬಹುದು. ಹೃದಯದ ಕಾಯಿಲೆ ಇದ್ದವರಿಗೆ ಆಗದು. ಫೆಂಟರ್‌ಮಿನ್ ಜೊತೆ ಟೊಪಿರಾಮೇಟ್ ಸೇರಿದ ಮಾತ್ರೆ 2012ರಲ್ಲಿ, ನಾಲ್ಟ್ರೆಕ್ಸೋನ್ ಮತ್ತು ಬುಪ್ರೊಪಿಯಾನ್ ಸೇರಿದ ಮಾತ್ರೆ 2014ರಲ್ಲಿ ಅಮೆರಿಕದಲ್ಲಿ ಬಂದವು. ಎರಡನೆಯದು ಫಿಟ್ಸ್ ಇರುವವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಸಲ್ಲದು.

ಮೂರನೆಯದು ಈಗ ಸುದ್ದಿಯಲ್ಲಿರುವ ಗುಂಪು. ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಅದು ಮೆದುಳಿಗೆ "ಸಾಕು" ಅನ್ನುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಕ್ಕರೆ ಹೆಚ್ಚಿದಾಗ ಇನ್ಸುಲಿನ್ ಬಿಡಿಸುತ್ತದೆ. ಆದರೆ ದೇಹದ ಸ್ವಂತ ಜಿಎಲ್‌ಪಿ-1 ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ಅದನ್ನೇ ಹೋಲುವ, ಆದರೆ ಬೇಗ ಒಡೆಯದ ಪದಾರ್ಥದ ಸುಳಿವು ಸಿಕ್ಕಿದ್ದು ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಯ ಔಷಧಿಯಾಯಿತು. ಆಮೇಲೆ ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಲಿರಾಗ್ಲುಟೈಡ್, ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಬಂದವು. ಬೊಜ್ಜಿಗೆಂದೇ ಅಮೆರಿಕದಲ್ಲಿ ಮೊದಲನೆಯದಕ್ಕೆ 2014ರಲ್ಲಿ, ಎರಡನೆಯದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಟಿರ್ಜೆಪಟೈಡ್ ಸೇರಿಕೊಂಡಿತು. ಅದು ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಇವಲ್ಲದೆ ಸೆಟ್‌ಮೆಲನೋಟೈಡ್ ಅಂತ ಒಂದಿದೆ. ಹುಟ್ಟಿನಿಂದಲೇ ಹಸಿವು ತಡೆಯುವ ಜೀನ್ ಕೆಟ್ಟಿರುವ, ತುಂಬಾ ಅಪರೂಪದ ಕೆಲವರಿಗೆಂದು ಬಂದದ್ದು ಅದು.

ಒಝೆಂಪಿಕ್, ವೆಗೋವಿ, ಮೌಂಜಾರೋ ಎಲ್ಲಾ ಒಂದೇನಾ?

ಒಝೆಂಪಿಕ್ ಮತ್ತು ವೆಗೋವಿ ಎರಡರಲ್ಲೂ ಇರುವುದು ಸೆಮಾಗ್ಲುಟೈಡ್. ಮೊದಲನೆಯದು ಸಕ್ಕರೆ ಕಾಯಿಲೆಗೆ, ಎರಡನೆಯದು ತೂಕಕ್ಕೆ, ಡೋಸ್ ಬೇರೆ. ಮೌಂಜಾರೋ ಟಿರ್ಜೆಪಟೈಡ್. ಅದೇ ಔಷಧಿ ಅಮೆರಿಕದಲ್ಲಿ ತೂಕಕ್ಕೆ ಝೆಪ್‌ಬೌಂಡ್ ಎಂಬ ಹೆಸರಲ್ಲಿ ಸಿಗುತ್ತದೆ. ಹೆಸರು ಬೇರೆ ಅಂತ ಒಂದರ ಮೇಲೊಂದು ತೆಗೆದುಕೊಂಡರೆ ಡೋಸ್ ಎರಡು ಪಟ್ಟಾಗುತ್ತದೆ, ಎಚ್ಚರ.

ಎಷ್ಟು ತೂಕ ಇಳಿಯುತ್ತದೆ?

ಸೆಮಾಗ್ಲುಟೈಡ್ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇ 14.9 ಇಳಿಯಿತು. ಔಷಧಿಯೇ ಇಲ್ಲದ ಖಾಲಿ ಇಂಜೆಕ್ಷನ್ ಪಡೆದವರಲ್ಲಿ ಶೇ 2.4. ಟಿರ್ಜೆಪಟೈಡ್‌ನಲ್ಲಿ 72 ವಾರಕ್ಕೆ, ಡೋಸ್ ಎಷ್ಟು ಅನ್ನುವುದರ ಮೇಲೆ, ಸರಾಸರಿ ಶೇ 15ರಿಂದ 21ರವರೆಗೆ. ಲಿರಾಗ್ಲುಟೈಡ್‌ನಲ್ಲಿ ಸುಮಾರು ಶೇ 8. ಎರಡೂ ಗುಂಪಿನವರಿಗೆ ಊಟ, ವ್ಯಾಯಾಮದ ಸಲಹೆ ಇದ್ದೇ ಇತ್ತು ಅನ್ನುವುದನ್ನು ಮರೆಯಬೇಡಿ.

100 ಕೆಜಿ ಇರುವವರಿಗೆ ಶೇ 15 ಅಂದರೆ 15 ಕೆಜಿ. ಆದರೆ ಇದು ಸರಾಸರಿ. ಕೆಲವರಿಗೆ ಶೇ 25 ಇಳಿಯುತ್ತದೆ, ಕೆಲವರಿಗೆ ಐದೂ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಇಳಿತ ಕಡಿಮೆ. ಪಕ್ಕದ ಮನೆಯವರ ಲೆಕ್ಕವನ್ನು ನಿಮ್ಮ ಗುರಿ ಮಾಡಿಕೊಳ್ಳಬೇಡಿ.

ಶೇ 5 ಇಳಿದರೆ ಏನು ಪ್ರಯೋಜನ? ಕನ್ನಡಿಯಲ್ಲಿ ಗೊತ್ತೂ ಆಗಲ್ಲ.

ಕನ್ನಡಿಗೆ ಗೊತ್ತಾಗದಿರಬಹುದು, ರಕ್ತಕ್ಕೆ ಗೊತ್ತಾಗುತ್ತದೆ. ಶೇ 5 ಇಳಿದರೇ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಸುಧಾರಿಸಲು ಶುರುವಾಗುತ್ತದೆ. ಶೇ 10 ಹತ್ತಿರ ಹೋದರೆ ಲಿವರ್‌ನ ಕೊಬ್ಬು, ಗೊರಕೆ ಮತ್ತು ಉಸಿರು ಕಟ್ಟುವ ತೊಂದರೆ, ಮಂಡಿ ನೋವು ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ.

ಹೃದಯದ ವಿಷಯದಲ್ಲೂ ಒಳ್ಳೆಯ ಪುರಾವೆ ಇದೆ. ಆಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ, ಸಕ್ಕರೆ ಕಾಯಿಲೆ ಇಲ್ಲದ 17,604 ಜನರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಖಾಲಿ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 8 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಸಂಭವಿಸಿತು. ಸೆಮಾಗ್ಲುಟೈಡ್ ಪಡೆದವರಲ್ಲಿ ಅದು ನೂರಕ್ಕೆ 6.5. ಜಾಹೀರಾತುಗಳು ಇದನ್ನೇ "ಶೇ 20 ಇಳಿಕೆ" ಅನ್ನುತ್ತವೆ. ಎರಡೂ ಸರಿಯೇ. ಆದರೆ ನಿಮ್ಮ ತೀರ್ಮಾನಕ್ಕೆ ನೂರರಲ್ಲಿ ಎಷ್ಟು ಜನ ಅನ್ನುವ ಲೆಕ್ಕವೇ ಹೆಚ್ಚು ಉಪಯೋಗ.

ಇಷ್ಟು ಕಡಿಮೆ ಡೋಸ್‌ನಿಂದ ಯಾಕೆ ಶುರು ಮಾಡುತ್ತಾರೆ? ಮೊದಲ ತಿಂಗಳು ತೂಕವೇ ಇಳಿದಿಲ್ಲ.

ಹೊಟ್ಟೆ ಒಗ್ಗಿಕೊಳ್ಳಲಿ ಅಂತ. ತೂಕಕ್ಕೆ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರುವಾಗಿ, ನಾಲ್ಕು ನಾಲ್ಕು ವಾರಕ್ಕೊಮ್ಮೆ ಏರುತ್ತಾ, ನಾಲ್ಕು ತಿಂಗಳಾದ ಮೇಲೆ 2.4 ಮಿಲಿಗ್ರಾಂಗೆ ತಲುಪುತ್ತದೆ. ಮೊದಲ ತಿಂಗಳ ಡೋಸ್ ಅಭ್ಯಾಸಕ್ಕೆ ಇರುವುದು. ಅವಸರ ಪಟ್ಟು ನೀವೇ ಏರಿಸಿಕೊಂಡರೆ ವಾಂತಿ ಖಚಿತ. ಕಡಿಮೆ ಡೋಸ್‌ನಲ್ಲೇ ಚೆನ್ನಾಗಿ ಇಳಿಯುತ್ತಿದ್ದರೆ ಕೊನೆಯ ಮೆಟ್ಟಿಲಿಗೆ ಹೋಗಲೇಬೇಕೆಂದೂ ಇಲ್ಲ. ವೈದ್ಯರ ಜೊತೆ ಮಾತಾಡಿ.

ಅಡ್ಡ ಪರಿಣಾಮಗಳೇನು? ಯಾವುದಕ್ಕೆ ಹೆದರಬೇಕು?

ಜಿಎಲ್‌ಪಿ-1 ಗುಂಪಿನಲ್ಲಿ ಹೆಚ್ಚಿನವು ಹೊಟ್ಟೆಗೆ ಸಂಬಂಧಿಸಿದವು: ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ, ಹುಳಿ ತೇಗು. ಸೆಮಾಗ್ಲುಟೈಡ್ ಅಧ್ಯಯನದಲ್ಲಿ ನೂರಕ್ಕೆ 44 ಜನ ವಾಕರಿಕೆ ಬಂತು ಅಂದರು, ಖಾಲಿ ಇಂಜೆಕ್ಷನ್ ಪಡೆದವರಲ್ಲಿ 17. ಡೋಸ್ ಏರುವ ವಾರಗಳಲ್ಲಿ ಜೋರಾಗಿದ್ದು ಆಮೇಲೆ ಹೆಚ್ಚಿನವರಿಗೆ ತಗ್ಗುತ್ತದೆ. ಅಡ್ಡ ಪರಿಣಾಮ ತಾಳಲಾರದೆ ಬಿಟ್ಟವರು ನೂರಕ್ಕೆ 7.

ಸಣ್ಣ ಸಣ್ಣ ತುತ್ತು, ನಿಧಾನ ಊಟ, ಕರಿದದ್ದು ಕಡಿಮೆ, ಊಟದ ಮೇಲೆ ತಕ್ಷಣ ಮಲಗದಿರುವುದು — ಇವು ನಿಜಕ್ಕೂ ಸಹಾಯ ಮಾಡುತ್ತವೆ. ಹೊಟ್ಟೆ ತುಂಬಿದೆ ಅನ್ನಿಸಿದ ಕೂಡಲೇ ಕೈ ತೊಳೆಯಿರಿ. ತಟ್ಟೆ ಖಾಲಿ ಮಾಡಲೇಬೇಕು ಅನ್ನುವ ಅಭ್ಯಾಸ ಈ ಔಷಧಿ ಜೊತೆ ಹೊಂದುವುದಿಲ್ಲ. ಬಾಯಾರಿಕೆ ಕೂಡ ಕಡಿಮೆಯಾಗಬಹುದು, ಹಾಗಾಗಿ ನೀರನ್ನು ನೆನಪಿಟ್ಟುಕೊಂಡು ಕುಡಿಯಿರಿ. ವಾಂತಿ ಭೇದಿಯಾಗಿ ನೀರಿನ ಅಂಶ ಇಳಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಇನ್ನು ಅಪರೂಪದ್ದು, ಆದರೆ ಕಾಯಬಾರದ್ದು. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಡುವ, ನಿಲ್ಲದ ಜೋರು ನೋವು ಮೇದೋಜೀರಕ ಗ್ರಂಥಿಯ ಊತ ಇರಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿ ಆಗುವುದು ಪಿತ್ತಕೋಶದ ಕಲ್ಲಿನ ಸೂಚನೆ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೇಗೂ ಹೆಚ್ಚು. ಒಮ್ಮೆಲೇ ದೃಷ್ಟಿ ಮಂಜಾದರೂ ಅದೇ ದಿನ ತೋರಿಸಿ. ಇಂಥದ್ದು ಕಂಡಾಗ "ಔಷಧಿಗೆ ಒಗ್ಗಿಕೊಳ್ಳುತ್ತಿದೆ" ಅಂತ ಮನೆಯಲ್ಲೇ ಕೂರಬೇಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಅವುಗಳ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಈ ಇಂಜೆಕ್ಷನ್ ವಿಷಯ ಹೇಳಲೇಬೇಕು. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು, ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ.

ಯಾರು ತೆಗೆದುಕೊಳ್ಳಲೇಬಾರದು?

ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಬಂದಿದ್ದರೆ ಜಿಎಲ್‌ಪಿ-1 ಔಷಧಿ ಕೊಡುವುದಿಲ್ಲ. ಎಂಇಎನ್-2 ಎಂಬ ವಂಶವಾಹಿ ಕಾಯಿಲೆ ಇದ್ದವರಿಗೂ ಇಲ್ಲ. ಇಲಿಗಳಲ್ಲಿ ಥೈರಾಯ್ಡ್ ಗೆಡ್ಡೆ ಕಂಡದ್ದರಿಂದ ಈ ಎಚ್ಚರಿಕೆ. ಸಾಮಾನ್ಯ ಹೈಪೋಥೈರಾಯ್ಡ್ ಇದಕ್ಕೆ ಅಡ್ಡಿಯಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದುಕೊಂಡು ಸುಮ್ನೆ ಹೆದರುತ್ತಾರೆ. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರೆ, ಹೊಟ್ಟೆ ಖಾಲಿಯಾಗದ ಕಾಯಿಲೆ ಇದ್ದರೆ, ತಿನ್ನುವುದಕ್ಕೇ ಸಂಬಂಧಿಸಿದ ಮಾನಸಿಕ ಕಾಯಿಲೆ ಇದ್ದರೆ ಮೊದಲೇ ಹೇಳಿ.

ಗರ್ಭಿಣಿಯಾಗಬೇಕು ಅಂತಿದ್ದೇನೆ.

ಸೆಮಾಗ್ಲುಟೈಡ್ ಅನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು, ಅದು ದೇಹದಿಂದ ಹೋಗಲು ಅಷ್ಟು ಸಮಯ ಬೇಕು. ಟೊಪಿರಾಮೇಟ್ ಇರುವ ಮಾತ್ರೆಯಿಂದ ಮಗುವಿಗೆ ಸೀಳು ತುಟಿಯಂಥ ತೊಂದರೆ ಆಗಬಹುದು. ಗರ್ಭ ಬೇಡ ಅನ್ನುವವರೂ ಒಂದು ವಿಷಯ ತಿಳಿದಿರಬೇಕು. ಟಿರ್ಜೆಪಟೈಡ್ ಶುರು ಮಾಡಿದ ನಾಲ್ಕು ವಾರ, ಮತ್ತೆ ಪ್ರತಿ ಸಲ ಡೋಸ್ ಏರಿಸಿದ ನಾಲ್ಕು ವಾರ, ಗರ್ಭನಿರೋಧಕ ಮಾತ್ರೆಯನ್ನು ಮಾತ್ರ ನಂಬುವಂತಿಲ್ಲ. ಕಾಂಡೋಮ್‌ನಂಥ ಇನ್ನೊಂದು ವಿಧಾನ ಬೇಕು. ತೂಕ ಇಳಿದಾಗ ನಿಂತಿದ್ದ ಅಂಡೋತ್ಪತ್ತಿ ಮತ್ತೆ ಶುರುವಾಗುವುದೂ ಉಂಟು.

ಹಿಂದೆ ತೂಕದ ಔಷಧಿಗಳನ್ನು ಒಂದಾದ ಮೇಲೊಂದು ವಾಪಸ್ ಪಡೆದಿದ್ದರಲ್ವಾ? ಇವನ್ನು ಹೇಗೆ ನಂಬುವುದು?

ಹೌದು, ಚರಿತ್ರೆ ಚೆನ್ನಾಗಿಲ್ಲ. ಅದನ್ನು ಮುಚ್ಚಿಡಬಾರದು. 1930ರ ದಶಕದಲ್ಲಿ ಡೈನೈಟ್ರೋಫಿನಾಲ್ ತಿಂದು ಮೈ ಬಿಸಿಯೇರಿ ಜನ ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. ಹೃದಯದ ಕವಾಟ ಕೆಡಿಸುತ್ತದೆ ಎಂದು ಫೆನ್‌ಫ್ಲುರಮಿನ್ 1997ರಲ್ಲಿ ಹೋಯಿತು. ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಕಂಡದ್ದರಿಂದ ರಿಮೊನಬಂಟ್ 2008ರಲ್ಲಿ, ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಿಸಿದ್ದಕ್ಕೆ ಸಿಬುಟ್ರಮಿನ್ 2010ರಲ್ಲಿ, ಕ್ಯಾನ್ಸರ್ ಅನುಮಾನದಿಂದ ಲೋರ್ಕಸೆರಿನ್ 2020ರಲ್ಲಿ ಮಾರುಕಟ್ಟೆ ಬಿಟ್ಟವು.

ಜಿಎಲ್‌ಪಿ-1 ಗುಂಪಿನ ವಿಷಯದಲ್ಲಿ ಎರಡು ವ್ಯತ್ಯಾಸಗಳಿವೆ. ಸಕ್ಕರೆ ಕಾಯಿಲೆಯಲ್ಲಿ 2005ರಿಂದ ಬಳಸಿದ ಅನುಭವ ಇದೆ. ಮತ್ತೆ ಸಿಬುಟ್ರಮಿನ್ ಹೃದಯಕ್ಕೆ ಕೆಟ್ಟದ್ದು ಅಂತ ದೊಡ್ಡ ಅಧ್ಯಯನದಲ್ಲಿ ಗೊತ್ತಾದರೆ, ಸೆಮಾಗ್ಲುಟೈಡ್ ಅಂಥದ್ದೇ ಪರೀಕ್ಷೆಯಲ್ಲಿ ಹೃದಯವನ್ನು ಕಾಪಾಡಿತು. ಹಾಗಂತ ಕಣ್ಣು ಮುಚ್ಚಿ ನಂಬಿ ಅನ್ನುತ್ತಿಲ್ಲ. ಬೊಜ್ಜಿಗೆ ಕೊಡುವ ಹೆಚ್ಚಿನ ಡೋಸ್‌ನಲ್ಲಿ ಇಪ್ಪತ್ತು ಮೂವತ್ತು ವರ್ಷದ ಅನುಭವ ಇನ್ನೂ ಯಾರಿಗೂ ಇಲ್ಲ. ನಿಯಮಿತ ತಪಾಸಣೆ ಬಿಡಬಾರದು ಅನ್ನುವುದು ಅದಕ್ಕೇ.

ನಿಲ್ಲಿಸಿದರೆ ಏನಾಗುತ್ತದೆ?

ಹೆಚ್ಚಿನವರಿಗೆ ತೂಕ ಮರಳುತ್ತದೆ. ಸೆಮಾಗ್ಲುಟೈಡ್‌ನಿಂದ ಸರಾಸರಿ ಶೇ 17 ಇಳಿಸಿದವರನ್ನು ಔಷಧಿ ನಿಲ್ಲಿಸಿ ಒಂದು ವರ್ಷ ಗಮನಿಸಿದರು. ಇಳಿದದ್ದರಲ್ಲಿ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಸುಧಾರಿಸಿದ್ದ ಬಿಪಿ, ಸಕ್ಕರೆಯೂ ಹಳೆಯ ಕಡೆಗೇ ಸರಿದವು. ಟಿರ್ಜೆಪಟೈಡ್‌ನಲ್ಲೂ ಹೀಗೇ ಆಯಿತು. 36 ವಾರದಲ್ಲಿ ಸುಮಾರು ಶೇ 21 ಇಳಿದ ಮೇಲೆ ಅರ್ಧ ಜನರಿಗೆ ಗುಟ್ಟಾಗಿ ಖಾಲಿ ಇಂಜೆಕ್ಷನ್ ಕೊಟ್ಟರು. ಅವರ ತೂಕ ವರ್ಷದೊಳಗೆ ಶೇ 14 ಏರಿತು. ಮುಂದುವರಿಸಿದವರದ್ದು ಇನ್ನೂ ಶೇ 5.5 ಇಳಿಯಿತು.

ಇದನ್ನು ನೋಡಿ "ಔಷಧಿ ಕೆಲಸಕ್ಕೆ ಬಾರದು" ಅನ್ನುವವರಿದ್ದಾರೆ. ಬಿಪಿ ಮಾತ್ರೆ ನಿಲ್ಲಿಸಿದಾಗ ಬಿಪಿ ಏರಿದರೆ ಯಾರೂ ಮಾತ್ರೆಯನ್ನು ಬೈಯುವುದಿಲ್ಲ, ರೋಗಿಯನ್ನೂ ಬೈಯುವುದಿಲ್ಲ. ತೂಕದ ವಿಷಯಕ್ಕೆ ಬಂದಾಗ ಮಾತ್ರ "ನಿನಗೆ ಶಿಸ್ತಿಲ್ಲ" ಅನ್ನುತ್ತೇವೆ. ಔಷಧಿ ಹೋದಾಗ ಹಸಿವು ಮರಳುತ್ತದೆ, ಮೊದಲ ಉತ್ತರದಲ್ಲಿ ಹೇಳಿದ ಬರಗಾಲದ ಲೆಕ್ಕ ಮತ್ತೆ ಶುರುವಾಗುತ್ತದೆ. ತಪ್ಪು ವ್ಯಕ್ತಿಯದ್ದಲ್ಲ.

ಆದ್ದರಿಂದ ಆರು ತಿಂಗಳಿಗಾಗುವಷ್ಟು ಹಣ ಮಾತ್ರ ಇದ್ದು, ಆಮೇಲೆ ಏನು ಅನ್ನುವುದು ಗೊತ್ತಿಲ್ಲದಿದ್ದರೆ, ಶುರು ಮಾಡುವ ಮುಂಚೆ ನಿಂತು ಯೋಚಿಸಿ ಅನ್ನುತ್ತೇನೆ. ಆ ಹಣ ಖರ್ಚಾಗುತ್ತದೆ, ತೂಕ ಮರಳುತ್ತದೆ, ಮನಸ್ಸು ಮುರಿಯುತ್ತದೆ. ಅಷ್ಟೇ ಹಣದಲ್ಲಿ ದೀರ್ಘಕಾಲ ನಡೆಸಬಹುದಾದ ಬೇರೆ ದಾರಿ ಇರಬಹುದು.

ಅಂದರೆ ಜೀವನಪೂರ್ತಿ ತೆಗೆದುಕೊಳ್ಳಬೇಕಾ?

ದೀರ್ಘಕಾಲ ಅಂತೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯೂ ವಯಸ್ಕರಲ್ಲಿ ಇವನ್ನು ದೀರ್ಘಕಾಲದ ಚಿಕಿತ್ಸೆಯಾಗಿಯೇ ನೋಡುತ್ತದೆ, ಕೆಲವು ಷರತ್ತುಗಳ ಜೊತೆಗೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ತೂಕ ಒಂದು ಮಟ್ಟಕ್ಕೆ ನಿಂತ ಮೇಲೆ ಕೆಲವರು ಕಡಿಮೆ ಡೋಸ್‌ನಲ್ಲಿ ಮುಂದುವರಿಯುತ್ತಾರೆ. ಕೆಲವರಿಗೆ ವ್ಯಾಯಾಮ ಗಟ್ಟಿಯಾಗಿ ರೂಢಿಯಾಗಿದ್ದರೆ ನಿಧಾನವಾಗಿ ಬಿಡಲೂ ಆಗುತ್ತದೆ. ಬಿಡುವುದಾದರೆ ವೈದ್ಯರಿಗೆ ಹೇಳಿ ಬಿಡಿ, ವಾರಕ್ಕೊಮ್ಮೆ ತೂಕ ನೋಡಿ, ಎರಡು ಮೂರು ಕೆಜಿ ಏರಿದಾಗಲೇ ಹೋಗಿ ಕಾಣಿ. ಹದಿನೈದು ಏರುವವರೆಗೂ ನಾಚಿಕೆಯಿಂದ ಮನೆಯಲ್ಲಿ ಕೂರುವುದು ಬೇಡ.

ಔಷಧಿ ಇದೆಯಲ್ಲ, ವ್ಯಾಯಾಮ ಇನ್ನೇಕೆ?

ಸ್ನಾಯುಗಾಗಿ. ತೂಕ ಇಳಿಯುವಾಗ ಬರೀ ಕೊಬ್ಬು ಹೋಗುವುದಿಲ್ಲ. ಇಳಿದ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ ಭಾಗ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ಪಥ್ಯದಿಂದ ಇಳಿಸಿದರೂ ಹೀಗೇ ಆಗುತ್ತದೆ. ಆಮೇಲೆ ತೂಕ ಏರಿದರೆ ಬರುವುದು ಹೆಚ್ಚಾಗಿ ಕೊಬ್ಬು. ಹೀಗೆ ಎರಡು ಮೂರು ಸಲ ಏರಿಳಿದರೆ ತೂಕ ಮೊದಲಿನಷ್ಟೇ ಇದ್ದರೂ ಶಕ್ತಿ ಮೊದಲಿನಷ್ಟು ಉಳಿಯುವುದಿಲ್ಲ. ವಯಸ್ಸಾದವರಿಗೆ ಇದು ದೊಡ್ಡ ವಿಷಯ, ಏಳುವಾಗ ಕೂರುವಾಗ ಗೊತ್ತಾಗುತ್ತದೆ.

ನಡಿಗೆ ಒಳ್ಳೆಯದು, ಆದರೆ ಅದೊಂದೇ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು. ಗೋಡೆ ಹಿಡಿದು ಬಸ್ಕಿ, ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಯಾವುದಾದರೂ ಸರಿ. ಹಸಿವೇ ಇಲ್ಲ ಅಂತ ದಿನವಿಡೀ ಬಿಸ್ಕತ್ತಿನಲ್ಲಿ ಕಳೆಯಬೇಡಿ. ತಿನ್ನುವುದು ಕಡಿಮೆಯಾದಾಗ ತಿಂದದ್ದರಲ್ಲಿ ಸತ್ವ ಇರಲೇಬೇಕು. ಪ್ರತಿ ಊಟದಲ್ಲೂ ಪ್ರೋಟೀನ್ ಮೊದಲು ತಿನ್ನಿ, ತರಕಾರಿ ಆಮೇಲೆ, ಉಳಿದದ್ದು ಜಾಗ ಇದ್ದರೆ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಕೇಳಿಕೊಂಡೇ ತಿನ್ನಬೇಕು.

ಔಷಧಿ ನನಗೆ ಕೆಲಸ ಮಾಡುತ್ತಿಲ್ಲ ಅಂತ ಹೇಗೆ ತಿಳಿಯುವುದು?

ಪೂರ್ತಿ ಡೋಸ್‌ಗೆ ಬಂದು ಮೂರು ತಿಂಗಳಾದರೂ ಶೇ 5 ಇಳಿಯದಿದ್ದರೆ ಮುಂದುವರಿಸುವುದರಲ್ಲಿ ಸಾಮಾನ್ಯವಾಗಿ ಅರ್ಥವಿಲ್ಲ. ಔಷಧಿ ಬದಲಿಸಬಹುದು. ತೂಕ ಇಳಿದಿಳಿದು ಒಂದು ಕಡೆ ನಿಲ್ಲುವುದು ಬೇರೆ ಸಂಗತಿ. ಅದು ಎಲ್ಲರಿಗೂ ಆಗುತ್ತದೆ, ಅಲ್ಲಿ ಔಷಧಿ ತೂಕವನ್ನು ಹಿಡಿದಿಡುತ್ತಿರುತ್ತದೆ.

ಬೇರೆ ಕಾಯಿಲೆಯ ಮಾತ್ರೆಯಿಂದಲೇ ನನ್ನ ತೂಕ ಏರಿರಬಹುದಾ?

ಖಂಡಿತ ಇರಬಹುದು. ಇದನ್ನು ಕೇಳುವವರು ತೀರಾ ಕಡಿಮೆ, ಕೇಳಲೇಬೇಕಾದ ಪ್ರಶ್ನೆ ಇದು. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಹಳೆಯ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್ ತೂಕ ಏರಿಸಬಲ್ಲವು. ಎಷ್ಟೋ ಸಲ ಅದೇ ಕೆಲಸ ಮಾಡುವ, ತೂಕ ಏರಿಸದ ಇನ್ನೊಂದು ಔಷಧಿ ಇರುತ್ತದೆ. ಆದರೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಇವುಗಳಲ್ಲಿ ಕೆಲವನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ.

ಮಕ್ಕಳಿಗೆ ಕೊಡಬಹುದಾ?

12 ವರ್ಷ ದಾಟಿದ, ಬೊಜ್ಜು ತೀವ್ರವಾಗಿರುವ ಮಕ್ಕಳಿಗೆ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಕೊಡಲು ಹಲವು ದೇಶಗಳಲ್ಲಿ ಒಪ್ಪಿಗೆ ಇದೆ. ಬೆಳೆಯುವ ದೇಹ, ಹಾಗಾಗಿ ಮಕ್ಕಳ ತಜ್ಞರೇ ನಿರ್ಧರಿಸಬೇಕು. ಅಪ್ಪ ಅಮ್ಮನ ಇಂಜೆಕ್ಷನ್‌ನಲ್ಲಿ ಪಾಲು ಕೊಡುವುದು ಅಪಾಯಕಾರಿ.

ಶಸ್ತ್ರಚಿಕಿತ್ಸೆ ಮೇಲಾ, ಔಷಧಿ ಮೇಲಾ?

ತೂಕ ತುಂಬಾ ಜಾಸ್ತಿ ಇದ್ದವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಇಳಿಯುವುದು ಇನ್ನೂ ಹೆಚ್ಚು, ಸಾಮಾನ್ಯವಾಗಿ ಶೇ 25ರಿಂದ 30. ಉಳಿಯುವುದೂ ಹೆಚ್ಚು ಕಾಲ. ಒಮ್ಮೆ ಖರ್ಚು, ಆದರೆ ಆಪರೇಷನ್ನಿನ ಅಪಾಯ ಇದೆ, ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಎರಡನ್ನೂ ಒಟ್ಟಿಗೆ ಬಳಸುವುದೂ ಇದೆ: ಆಪರೇಷನ್ ಆದ ಕೆಲವು ವರ್ಷದ ಮೇಲೆ ತೂಕ ಏರತೊಡಗಿದವರಿಗೆ ಔಷಧಿ ಸೇರಿಸುತ್ತಾರೆ.

ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆ. ಥೈರಾಯ್ಡ್ ಮಾತ್ರೆ ತಿಂದರೂ ಇಳಿಯುತ್ತಂತೆ.

ಎರಡೂ ಬೇಡ. ನಕಲಿ ಸೆಮಾಗ್ಲುಟೈಡ್ ಸಿಕ್ಕಿಬಿದ್ದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಜಗತ್ತಿಗೇ ಎಚ್ಚರಿಕೆ ಕೊಟ್ಟಿತು. ನಕಲಿ ಇಂಜೆಕ್ಷನ್ ಪೆನ್ನಿನೊಳಗೆ ಏನಿದೆ ಅಂತ ಹೇಳಲಾಗದು, ಇನ್ಸುಲಿನ್ ಇದ್ದರಂತೂ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಅಸಲಿಯೇ ಆದರೂ ಬಳಸುವ ಮೊದಲು ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಿಸಿಲಲ್ಲಿ ಓಡಾಡಿ ಬಂದದ್ದು ಕೆಲಸ ಮಾಡುತ್ತದೆ ಅನ್ನುವ ಭರವಸೆ ಇಲ್ಲ. ಥೈರಾಯ್ಡ್ ಕಾಯಿಲೆ ಇಲ್ಲದವರು ಥೈರಾಯ್ಡ್ ಮಾತ್ರೆ ನುಂಗಿದರೆ ಎದೆ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮೇಲೆ ಹೇಳಿದ ಡೈನೈಟ್ರೋಫಿನಾಲ್ ಇವತ್ತಿಗೂ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತಿದೆ, ಇವತ್ತಿಗೂ ಕೊಲ್ಲುತ್ತಿದೆ. "ಗಿಡಮೂಲಿಕೆ" ಅಂತ ಬರೆದ ಡಬ್ಬಿಗಳಲ್ಲಿ ನಿಷೇಧಿತ ಸಿಬುಟ್ರಮಿನ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

ವೈದ್ಯರನ್ನು ನೋಡಲು ಹೋಗುವಾಗ ಏನು ಸಿದ್ಧ ಮಾಡಿಕೊಳ್ಳಲಿ?

ಈಗ ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಪಟ್ಟಿ. ಹಿಂದೆ ತೂಕ ಇಳಿಸಲು ಏನೇನು ಮಾಡಿದಿರಿ, ಯಾವಾಗ ಮರಳಿತು ಅನ್ನುವುದು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ ಅನ್ನುವುದು. ಇತ್ತೀಚಿನ ರಕ್ತ ಪರೀಕ್ಷೆಯ ಚೀಟಿ ಇದ್ದರೆ ಅದು.

ಅಲ್ಲಿ ಇವನ್ನು ಕೇಳಿ: ಇದರಿಂದ ನನಗೆ ಎಷ್ಟು ಇಳಿಯಬಹುದು, ಅದರಲ್ಲಿ ನನ್ನ ಯಾವ ಕಾಯಿಲೆ ಸುಧಾರಿಸಬೇಕು? ಎರಡು ವರ್ಷ ತೆಗೆದುಕೊಂಡರೆ ಒಟ್ಟು ಖರ್ಚೆಷ್ಟು? ಒಂದು ವಾರ ಇಂಜೆಕ್ಷನ್ ಮರೆತರೆ ಏನು ಮಾಡಲಿ, ಎರಡು ಮೂರು ವಾರ ತಪ್ಪಿದರೆ ಹಳೆಯ ಡೋಸ್‌ನಲ್ಲೇ ಮುಂದುವರಿಸಬಹುದಾ ಇಲ್ಲ ಕೆಳಗಿನಿಂದ ಶುರು ಮಾಡಬೇಕಾ? ಔಷಧಿ ಸಿಗದೇ ಹೋದರೆ ಅಥವಾ ನಿಲ್ಲಿಸಬೇಕಾಗಿ ಬಂದರೆ ನಮ್ಮ ಯೋಜನೆ ಏನು? ಕೊನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೂ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ.